ತುಳಸಿದಾಸನ ಹಳೇ ವಿಳಾಸ

ಅಂಕೋಲೆಯ ತುಳಸಿದಾಸನನ್ನು ಕಂಡರೆ ನನಗಾಗುವುದಿಲ್ಲ. ಅವನೂ ಒಣಮೀನು ಮಾರುತ್ತಾನೆ, ನಾನೂ ಮಾರುತ್ತೇನೆ. ಬೆಳಗ್ಗೆ ಹಲ್ಲುಜ್ಜುವ ಮೊದಲೇ ಗೂಗಲ್‌ನಲ್ಲಿ ‘ಒಣ ಸಿಗಡಿ’ ಎಂದು ಹುಡುಕಿ, ತನ್ನ ಅಂಗಡಿಯೇ ಮೊದಲಿದೆಯೆಂದು ಖಾತ್ರಿ ಮಾಡಿಕೊಂಡು, ಆಮೇಲೆ ದೇವರಿಗೆ ಕೈಮುಗಿಯುತ್ತಾನೆ. ಚಹಾದಂಗಡಿಯಲ್ಲಿ ಸಿಕ್ಕರೆ, “ನಿಂದು ಈಗ ಎಷ್ಟನೇ ಪುಟದಲ್ಲಿ ಉಂಟು?” ಎಂದು ಮಗುವಿನ ಜ್ವರ ವಿಚಾರಿಸುವ ದನಿಯಲ್ಲಿ ಕೇಳುತ್ತಾನೆ. ಹೋದ ವರ್ಷ ಇಬ್ಬರೂ ವೆಬ್‌ಸೈಟಿನ ಹೆಸರು ಬದಲಿಸಿದೆವು. ನಾನು ಹಳೆಯದನ್ನು ಅಂದೇ ಮುಚ್ಚಿದೆ. ಗಿರಾಕಿಗಳೂ ಗೂಗಲ್ಲೂ ನನ್ನನ್ನು ಮರೆತರು. ಅವನು ಹದಿನೈದು ದಿನ ಕೂತು ಬಂಗಡೆಯ ಹಳೇ ಪುಟವನ್ನು ಬಂಗಡೆಯ ಹೊಸ ಪುಟಕ್ಕೆ, ಸಿಗಡಿಯದನ್ನು ಸಿಗಡಿಯದಕ್ಕೆ ಜೋಡಿಸಿದ. ಹಳೇ ಹೆಸರು ಒತ್ತಿದವರು ಇಂದಿಗೂ ತಾವಾಗಿಯೇ ಅವನ ಹೊಸ ಅಂಗಡಿಯಲ್ಲಿ ಇಳಿಯುತ್ತಾರೆ. ಹೊಟ್ಟೆಕಿಚ್ಚು ತಡೆಯದೆ, ಇದನ್ನು ಕಾರವಾರದ ಯಾವ ಇಂಜಿನಿಯರ್ ಕಲಿಸಿದ ಎಂದು ಕೇಳಿಯೇಬಿಟ್ಟೆ. “ಇಂಜಿನಿಯರ್ ಎಂತಕ್ಕೆ ಮಾರಾಯ? ಮೀನು ಮಾರ್ಕೆಟ್ ಬೇರೆ ಕಡೆ ಹೋದಾಗ ನಿನ್ನ ಆಯಿ ಹೊಸ ಕಟ್ಟೆ ಮೇಲೆ ನಿನ್ನ ಚಿಕ್ಕಿನ್ನ ಕೂರ್ಸಿ, ತಾನು ಮಳೆಗಾಲ ಪೂರ್ತಿ ಹಳೇ ಜಾಗದಲ್ಲೇ ಕೂತು ಬಂದವ್ರನ್ನೆಲ್ಲ ಅಲ್ಲಿಗೆ ಕಳಸ್ತಿತ್ತಲ್ಲ. ನಾ ಅದ್ನೇ ಮಾಡಿದ್ದು,” ಎಂದ. ಆ ಹಳೇ ಜಾಗಕ್ಕೆ ದಿನಾ ಆಯಿಯ ಬುತ್ತಿ ಒಯ್ಯುತ್ತಿದ್ದವನು ನಾನು.