ಅತ್ತಿಯ ಪಾಲಿನ ಗುಳಿಗಿ

ನಮ್ಮ ಅತ್ತಿಯ ತೋರುಬೆರಳಿನ ಮೇಲೆ ನೂಲು ಕೊರೆದ ಗೆರೆಯಿತ್ತು. ಮುಟ್ಟಿದರೆ ಎತ್ತಿನ ಗೊರಸಿನಷ್ಟು ಗಟ್ಟಿ. ಅಪ್ಪನ ಅಕ್ಕ ಆಕೆ. ಗಂಡ ತೀರಿದ ಮೇಲೆ ಮಕ್ತಲ್ ಹತ್ತಿರದ ನಮ್ಮೂರಿಗೆ ಬಂದು, ಅಪ್ಪ ನೇಯುವ ಸೀರೆಗೆ ನೂಲು ಸುತ್ತುತ್ತಾ ಕೂತಳು. ತಾಯಿಯಿಲ್ಲದ ನನ್ನನ್ನು ಬೆಳೆಸಿದವಳೂ ಅವಳೇ. ಬಾಯಿ ಬಲು ಜೋರು. "ನಿಮ್ ಬಾಯಾಗ ಮಣ್ ಹಾಕ" ಅನ್ನುತ್ತಲೇ ಇದ್ದ ಬೆಣ್ಣೆಯೆಲ್ಲ ತನ್ನ ತಮ್ಮನ, ಅಂದರೆ ನಮ್ಮಪ್ಪನ, ರೊಟ್ಟಿಗೆ ಹಾಕೋಳು.

ತೆಲಂಗಾಣ ರಾಜ್ಯವಾಗಿ, ನಮ್ಮ ನಾರಾಯಣಪೇಟೆ ಜಿಲ್ಲೆಯಾದ ಮೇಲೆ ಅಪ್ಪನಿಗೆ ಟಿ.ಬಿ. ಬಂತು. ಸರಕಾರದ ಔಷಧ ಮನೆಮನೆಗೆ ಮುಟ್ಟಿಸುವ ಆಶಾ ಅಕ್ಕ ಅವನಿಗೆ ಔಷಧ ತಂದಳು, ಸರಿ. ಗುಂಡುಕಲ್ಲಿನಂತಿದ್ದ ನನಗೂ ಅತ್ತಿಗೂ ಗುಳಿಗಿ ತಂದಳಲ್ಲ!

"ನಮಗ್ಯಾಕವ್ವಾ?" ಅತ್ತಿ ಕೇಳಿದಳು.

"ನಿಮ್ಮ ಮೈಯಾಗ ಹುಳ ಮಲಗಿರಬಹುದ್ರೀ ಅವ್ವಾರ. ಏಳೋದರೊಳಗ ಕೊಲ್ಲಾಕ."

"ಅಂದ್ರ ರೋಗ ಐತೇನು?"

"ಇಲ್ರೀ."

"ಮತ್ತ ಔಷಧ?"

ಅತ್ತಿ ನನ್ನ ಮುಖ ನೋಡಿದಳು. ಡಿಗ್ರಿ ಓದುತ್ತಿದ್ದವಳು ನಾನು. ನನಗೂ ತಲೆಬುಡ ತಿಳಿಯಲಿಲ್ಲ.

ಕೆಲವು ವಾರಕ್ಕೆ ಅಪ್ಪನ ಕಣ್ಣು ಅರಿಶಿಣವಾದವು, ತಿಂದದ್ದೆಲ್ಲ ವಾಂತಿ. ಗದ್ವಾಲದ ದವಾಖಾನೆಗೆ ಒಯ್ದೆವು. ಏನೇನು ನುಂಗಿದ್ದಾನೆಂದು ಡಾಕ್ಟರು ಗದರಿಸಿ ಕೇಳಿದಾಗ ಅತ್ತಿ ಬಾಯಿಬಿಟ್ಟಳು. ದಿನಾ ತನ್ನ ಗುಳಿಗಿಯನ್ನೂ ತಮ್ಮನ ಅಂಗೈಗೇ ಹಾಕುತ್ತಿದ್ದಳಂತೆ.

"ರೋಗ ಅವಂದ್ರೀ ಸಾರ್. ನನಗೇನ್ ಧಾಡಿ? ನನ್ನ ಪಾಲಿಂದೂ ಅವನೇ ತಿಂದ್ರ ಲಗೂನ ಆರಾಮಾಗ್ತಾನಂತ..."

ಇಬ್ಬರ ಪಾಲಿನ ಗುಳಿಗಿ ಒಬ್ಬನೇ ನುಂಗಿದ್ದಕ್ಕೆ ಲಿವರ್ ಕೆಟ್ಟಿದೆ ಎಂದರು ಡಾಕ್ಟರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಯಾವುದು ಮೊದಲೋ ಗೊತ್ತಿಲ್ಲ.

ಅಪ್ಪ ಉಳಿದ. ಅತ್ತಿ ಮಾತ್ರ ಹೆದರಿಬಿಟ್ಟಳು. ನನ್ನ ಗುಳಿಗಿಯನ್ನು ಎದುರಿಗೇ ಕೂತು ನುಂಗಿಸೋಳು: "ನನಗ ತಿಳಿಯಂಗಿಲ್ಲವ್ವಾ. ನೀ ನುಂಗು." ತನ್ನದನ್ನು ಮುಟ್ಟಲೇ ಇಲ್ಲ. "ಈ ಕೈಲಿಂದನ ತಮ್ಮಗ ವಿಷ ಹಾಕೀನಿ. ನನಗ ಬ್ಯಾಡ." ಆಶಾ ಅಕ್ಕ ಬೇಡಿದಳು, ನಾನು ಜಗಳಾಡಿದೆ. ಊಹೂಂ.

ವರ್ಷ ಕಳೆದ ಮೇಲೆ ಕೆಮ್ಮು ಅವಳಿಗೇ ಬಂತು. ಅದನ್ನು ಸೆರಗಿನಲ್ಲಿ ಮುಚ್ಚಿಟ್ಟು ಮುಚ್ಚಿಟ್ಟು, ನಮಗೆ ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಹೋಗಿಬಿಟ್ಟಳು.

ಮಣ್ಣು ಮಾಡಿ ಬಂದ ಸಂಜೆ ಅಪ್ಪ ಮಗ್ಗದ ಪಕ್ಕ ಕೂತು ಕೇಳಿದ: "ಖರೇ ಹೇಳವ್ವಾ. ಅಕ್ಕನ ಪಾಲಿಂದು ನಾ ತಿಂದಿದ್ದಕ್ಕ ಹಿಂಗಾತೇನು?"

"ಇಲ್ಲಪ್ಪಾ," ಎಂದೆ. ಹೌದೋ ಅಲ್ಲವೋ ನನಗೇನು ಗೊತ್ತು? ನನ್ನ ಎದೆ ಸಾಫ್ ಐತಿ ಅಂತಾರೆ ಡಾಕ್ಟರು. ನನಗೆ ನುಂಗಿಸಿ, ತಾನು ನುಂಗದೆ ಹೋದವಳಿಗೆ ಕೈ ಮುಗಿಯಬೇಕೋ, ಬೈಯಬೇಕೋ, ಇವತ್ತಿಗೂ ತಿಳಿದಿಲ್ಲ.