ಏನೂ ಇಲ್ಲದವರು ಯಾಕೆ ನಡೆಯಬೇಕು

ನಮ್ಮ ಬಂಟ್ವಾಳದಲ್ಲಿ ಚಳಿಗಾಲವೆಂದರೆ ಫ್ಯಾನಿನ ರೆಗ್ಯುಲೇಟರನ್ನು ಐದರಿಂದ ಎರಡಕ್ಕೆ ಇಳಿಸುವ ಕಾಲ. ಡಿಸೆಂಬರಿನ ಒಂದು ನಸುಕಿನಲ್ಲಿ ಅಪ್ಪ ಎದ್ದು ಅದನ್ನು ತಿರುಗಿಸಿ, ಈ ಸಲ ಚಳಿ ಜೋರುಂಟು ಎಂದು ಘೋಷಿಸಿದರೆ ಸಾಕು, ಮನೆಮಂದಿಯೆಲ್ಲ ಶಾಸ್ತ್ರೋಕ್ತವಾಗಿ ನಡುಗತೊಡಗುತ್ತೇವೆ. ಕಪಾಟಿನ ಮೂಲೆಯಿಂದ ಮಫ್ಲರ್ ಹೊರಬೀಳುತ್ತದೆ. ಬಿಸಿಲೇರಿ ಬೆವರು ಹರಿಯುವವರೆಗೂ ಅದನ್ನು ಬಿಚ್ಚದಿರುವುದು ಚಳಿಗಾಲಕ್ಕೆ ನಾವು ಸಲ್ಲಿಸುವ ಗೌರವ. ಕೊರೋನಾ ಬಂದ ವರ್ಷ ಈ ಮಫ್ಲರಿಗೆ ಮಾಸ್ಕಿನ ಜೊತೆಯೂ ಸಿಕ್ಕಿತು. ಮಫ್ಲರ್ ತಲೆಗೆ, ಮಾಸ್ಕ್ ಗಲ್ಲಕ್ಕೆ. ನಡುವೆ ಉಳಿದ ಮೂಗು ಬಾಯಿಗಳು ಎಂದಿನಂತೆ ಸ್ವತಂತ್ರವಾಗಿದ್ದವು.

ಆ ಹೊತ್ತಿಗೆ ಮನೆಯೊಳಗೆ ಕುಳಿತು ಕುಳಿತು ನಾನು ಪೀಠೋಪಕರಣಗಳ ಸಾಲಿಗೆ ಸೇರಿಹೋಗಿದ್ದೆ. ಮೂಡುಬಿದಿರೆಯ ಕಾಲೇಜಿನ ಪಾಠವನ್ನು ಊಟದ ಮೇಜಿನ ಮೇಲೆ ಮೊಬೈಲ್ ಒರಗಿಸಿ ಮಾಡುತ್ತಿದ್ದೆ. ಅತ್ತ ಕಡೆ ವಿದ್ಯಾರ್ಥಿಗಳ ಬದಲು ಅವರ ಹೆಸರಿನ ಮೊದಲಕ್ಷರಗಳು ಬಣ್ಣಬಣ್ಣದ ವೃತ್ತಗಳಲ್ಲಿ ಕುಳಿತು ಕೇಳುತ್ತಿದ್ದವು. ಇತ್ತ ಕಡೆ ಅಮ್ಮನ ಕಷಾಯ ಕುದಿಯುತ್ತಿತ್ತು. ನಮಿತಾ ಫೋನ್ ಮಾಡಿ, "ನಾಳೆಯಿಂದ ಬೆಳಿಗ್ಗೆ ನಡಿಲಿಕ್ಕೆ ಹೋಗುವ, ಇಲ್ಲದಿದ್ದರೆ ನಾನು ಮನೆಯವರನ್ನು ಕಚ್ಚುತ್ತೇನೆ" ಎಂದಾಗ ನಾನು ಒಪ್ಪಿದ್ದಕ್ಕೆ ಆರೋಗ್ಯದ ಕಾಳಜಿ ಕಾರಣವಲ್ಲ. ಕಷಾಯದಿಂದ ಪಾರಾಗಲು ಅದೊಂದೇ ದಾರಿಯಿತ್ತು.

ನಮಿತಾ ನನ್ನ ಶಾಲೆಯ ದಿನಗಳ ಗೆಳತಿ, ಬಿ.ಸಿ. ರೋಡಿನ ಒಂದು ಕಚೇರಿಯಲ್ಲಿ ಕೆಲಸ. ಮೂರನೆಯವಳು ಸಫಿಯಾ, ಪಾಣೆಮಂಗಳೂರಿನ ಬಟ್ಟೆ ಅಂಗಡಿಯವರ ಮಗಳು. ಮನೆಯಲ್ಲಿ ಬ್ಯಾರಿ, ನಮ್ಮೊಡನೆ ತುಳು, ಜಗಳ ಬಂದರೆ ಎರಡರಲ್ಲೂ. ಮೂವರೂ ಮಾಸ್ಕನ್ನು ಮೂಗಿನ ಮೇಲೆಯೇ ಧರಿಸಿ, ಪರಸ್ಪರ ಒಂದು ದನ ದಾಟಿ ಹೋಗುವಷ್ಟು ಅಂತರ ಬಿಟ್ಟು, ನೇತ್ರಾವತಿಯ ಹಳೆಯ ಸೇತುವೆಯವರೆಗೆ ಹೋಗಿ ಬರುತ್ತಿದ್ದೆವು. ನಮ್ಮದು ಘನವಾದ ವ್ಯಾಯಾಮವೆಂದು ಭ್ರಮಿಸಬೇಡಿ. ಕೈಗಿಂತ ಬಾಯಿ ಹೆಚ್ಚು ಬೀಸುತ್ತಿತ್ತು, ಮತ್ತು ಹಿಂದಿರುಗುವಾಗ ಹೋಟೆಲಿನಿಂದ ಬನ್ಸ್ ಕಟ್ಟಿಸಿಕೊಳ್ಳುತ್ತಿದ್ದುದರಿಂದ ದೇಹಕ್ಕೆ ಲಾಭವಾಯಿತೋ ನಷ್ಟವಾಯಿತೋ ಇಂದಿಗೂ ಹೇಳಲಾರೆ. ಆದರೂ ನದಿಯ ಮೇಲಿನ ಮಂಜು ಎದ್ದು ಸೇತುವೆಯ ಕಬ್ಬಿಣಕ್ಕೆ ತಾಗುವ ಹೊತ್ತಿನಲ್ಲಿ ಅಲ್ಲಿ ನಿಂತು ಉಸಿರೆಳೆದುಕೊಳ್ಳುವುದು, ಗಾಳಿಗೇ ಹೆದರಬೇಕಾಗಿದ್ದ ಆ ವರ್ಷದಲ್ಲಿ, ಸಣ್ಣ ಸುಖವಾಗಿರಲಿಲ್ಲ.

ನಮ್ಮ ಊರಿಗೆ ಬಂದು ನೋಡಿದ್ದರೆ ನಿಮಗೂ ಗೊತ್ತಿರುತ್ತದೆ, ಇಲ್ಲಿ ದಾರಿಯಲ್ಲಿ ಸಿಕ್ಕವರು ಕುಶಲ ಕೇಳುವುದಿಲ್ಲ, ಎಲ್ಲಿಗೆ ಎಂದು ಕೇಳುತ್ತಾರೆ. ಉತ್ತರ ಒಂದು ಜಾಗದ ಹೆಸರಾಗಿರಬೇಕು. ಬ್ಯಾಂಕು, ರೇಷನ್ ಅಂಗಡಿ, ಹಾಲಿನ ಡೈರಿ, ಯಾವುದೂ ನಡೆಯುತ್ತದೆ. "ಹೀಗೇ, ಸುಮ್ಮನೆ" ಎಂದರೆ ಮಾತ್ರ ಕೇಳಿದವರ ಮುಖದಲ್ಲಿ ಒಂದು ಬಗೆಯ ಕರುಣೆ ಮೂಡುತ್ತದೆ. ಕೆಲಸವಿಲ್ಲದೆ ನಡೆಯುವವರೆಂದರೆ ನಮ್ಮಲ್ಲಿ ಒಂದೇ ವರ್ಗ, ಡಾಕ್ಟರು ಹೇಳಿದವರು. ಶುಗರ್, ಪ್ರೆಶರ್, ಅಥವಾ ಎದೆಯೊಳಗೆ ಸ್ಟೆಂಟು. ಇವುಗಳಲ್ಲಿ ಒಂದಾದರೂ ಇಲ್ಲದವರು ನಡೆಯುವುದು ಅನುಮಾನಾಸ್ಪದ. ಮದುವೆಯಾಗದ ಹುಡುಗಿಯರು ಬೂಟು ಹಾಕಿಕೊಂಡು ನಡೆಯುವುದಂತೂ ತನಿಖೆಗೆ ಅರ್ಹ.

ತನಿಖೆ ಕೈಗೆತ್ತಿಕೊಂಡವರು ತಿರುವಿನ ಗೂಡಂಗಡಿಯ ಬೆಂಚಿನವರು. ಲಾಕ್‌ಡೌನಿಗೂ ಬಹಳ ಮೊದಲಿನಿಂದ ಆ ಬೆಂಚಿನಿಂದ ಕದಲದೆ, ಒಂದೇ ಪತ್ರಿಕೆಯನ್ನು ಒಬ್ಬರ ಹೆಗಲ ಮೇಲಿಂದ ಇನ್ನೊಬ್ಬರು ಓದುತ್ತ, ಒಬ್ಬರ ಕೆಮ್ಮನ್ನು ಇನ್ನೊಬ್ಬರು ಹಂಚಿಕೊಳ್ಳುತ್ತ ಬಂದಿದ್ದ ಈ ಮಹನೀಯರು, ದೂರದೂರ ನಡೆದುಹೋಗುತ್ತಿದ್ದ ನಮ್ಮ ಆರೋಗ್ಯದ ಬಗ್ಗೆ ಕಳವಳಗೊಂಡರು. ಮೂವರಲ್ಲಿ ಒಬ್ಬಳಿಗೆ ಏನೋ ಉಂಟು, ಉಳಿದಿಬ್ಬರು ಅವಳಿಗೆ ಆಸರೆಗೆ ಎಂದು ತೀರ್ಮಾನವಾಯಿತು. ನಮಿತಾ ಸೇತುವೆಯ ಮೇಲೆ ಮಾಸ್ಕ್ ಸರಿಸಿ ಉಸಿರೆಳೆದುಕೊಂಡದ್ದನ್ನು ಯಾರೋ ಕಂಡಿದ್ದರಿಂದ ರೋಗಿ ಅವಳೇ ಎಂಬುದೂ, ಕೊರೋನಾ ಬಂದು ಮುಚ್ಚಿಟ್ಟಿದ್ದಾರೆ, ಶ್ವಾಸಕೋಶ ಹೋಗಿದೆ ಎಂಬುದೂ ಖಚಿತವಾಯಿತು. ಸುದ್ದಿ ಬೆಳ್ತಂಗಡಿ ದಾಟಿ ಕಕ್ಕಿಂಜೆ ಮುಟ್ಟಿತು. ಬಸ್ಸುಗಳೇ ಸರಿಯಾಗಿ ಓಡದ ಆ ದಿನಗಳಲ್ಲಿ ಅದು ಯಾವ ವಾಹನದಲ್ಲಿ ಹೋಯಿತೋ ತಿಳಿಯದು.

ಕಕ್ಕಿಂಜೆಯೇ ಯಾಕೆಂದರೆ, ನಮಿತಾಳಿಗೆ ನೋಡಿದ್ದ ಹುಡುಗ ಅಲ್ಲಿಯವನು, ಅಬುಧಾಬಿಯಲ್ಲಿ ಉದ್ಯೋಗ. ವಿಮಾನಗಳು ನಿಂತಿದ್ದರಿಂದ ಮುಖಾಮುಖಿ ಭೇಟಿಯಾಗದೆಯೇ ತಿಂಗಳುಗಟ್ಟಲೆ ಫೋನಿನಲ್ಲಿ ಮಾತನಾಡಿದ್ದರು. ಅವನು ಬಂದ ಕೂಡಲೇ ನಿಶ್ಚಿತಾರ್ಥವೆಂದು ಮಾತಾಗಿತ್ತು. ಒಂದು ವಿಷಯವನ್ನು ಇಲ್ಲಿಯೇ ನೇರವಾಗಿ ಹೇಳಿಬಿಡುವುದು ಒಳ್ಳೆಯದು: ನಮಿತಾಳಿಗೆ ಅವನು ಇಷ್ಟವಾಗಿದ್ದ. ಅವಳು ಹಾಗೆಂದು ಎಂದೂ ಹೇಳಲಿಲ್ಲ, ಆದರೆ ನಡೆಯುವಾಗ ಫೋನ್ ಅಲುಗಿದರೆ ಅವಳ ಹೆಜ್ಜೆ ತಪ್ಪುತ್ತಿತ್ತು.

ಹುಡುಗನ ದೊಡ್ಡಮ್ಮ ನಮಿತಾಳ ಅಮ್ಮನಿಗೆ ಫೋನ್ ಮಾಡಿದರು. ಊಟ, ಅಡಿಕೆ, ಚಾರ್ಮಾಡಿ ಕಡೆಯ ಚಳಿ ಎಲ್ಲ ಮಾತಾಡಿ ಮುಗಿದ ಮೇಲೆ, ಹುಡುಗಿಗೆ ಏನೋ ಉಂಟಂತಲ್ಲ ಎಂದರು. ಅಮ್ಮ ಕಂಗಾಲಾಗಿ ಮಗಳನ್ನು ಪರೀಕ್ಷೆಗೆ ಕರೆದೊಯ್ದು, ಮೂಗಿಗೆ ಕಡ್ಡಿ ಹಾಕಿಸಿ, ಎದೆಯ ಎಕ್ಸ್‌ರೇ ತೆಗೆಸಿ, ಎಲ್ಲವೂ ಸರಿಯಿದೆಯೆಂಬ ವರದಿಯನ್ನು ವಾಟ್ಸಾಪಿನಲ್ಲಿ ಕಳಿಸಿದರು. ದೊಡ್ಡಮ್ಮ ಅದನ್ನು ಓದಿ ಮರುಕರೆ ಮಾಡಿ ಕೇಳಿದ್ದು ಒಂದೇ ಮಾತು: "ಏನೂ ಇಲ್ಲದಿದ್ದರೆ ಮತ್ತೆ ಯಾಕೆ ನಡೆಯುವುದು?"

ಈ ತರ್ಕಕ್ಕೆ ಉತ್ತರವಿದ್ದರೆ ನೀವೇ ಹೇಳಿ. ನಾನು ಓದಿದ ಯಾವ ವಿಷಯದಲ್ಲೂ ಇದಕ್ಕೆ ಮದ್ದಿರಲಿಲ್ಲ. ಆರೋಗ್ಯವಾಗಿದ್ದೇನೆಂದು ಸಾಬೀತುಪಡಿಸಲು ನಮಿತಾ ಕುಳಿತುಕೊಳ್ಳಬೇಕೆಂದಾಯಿತು. ನಿಶ್ಚಿತಾರ್ಥ ಮುಗಿಯುವವರೆಗೆ ಗೇಟು ದಾಟುವುದು ಬೇಡ ಎಂದು ಅಮ್ಮ ಕೈಮುಗಿದು ಕೇಳಿಕೊಂಡರು, ಅವಳು ಕುಳಿತಳು. ನಾನೂ ಸಫಿಯಾಳೂ ಇಬ್ಬರೇ ಹೋಗಿ ಬಂದೆವು. ನಾಲ್ಕು ದಿನವಾಗುವಷ್ಟರಲ್ಲಿ ಬೆಂಚಿನವರು ನಮ್ಮನ್ನು ತಡೆದು, ತಗ್ಗಿದ ದನಿಯಲ್ಲಿ, ಅವಳನ್ನು ಯಾವ ಆಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿದ್ದು ಎಂದು ಕೇಳಿದರು.

"ಮನೆಯಲ್ಲೇ ಇದ್ದಾಳಲ್ಲ, ಹುಷಾರಾಗಿದ್ದಾಳೆ" ಎಂದಳು ಸಫಿಯಾ.

"ಹೌದೌದು, ಮನೆಯಲ್ಲೇ ಇಟ್ಟದ್ದು ಒಳ್ಳೆಯದಾಯಿತು" ಎಂದು ಅವರು ದುಃಖದಿಂದ ತಲೆಯಾಡಿಸಿದರು.

ಹುಡುಗಿ ಹಾಸಿಗೆ ಹಿಡಿದಿದ್ದಾಳಂತಲ್ಲ ಎಂದು ಕಕ್ಕಿಂಜೆಯ ಫೋನ್ ಮತ್ತೆ ಬಂತು. ಈ ಸಲ ನಮಿತಾ ಅಮ್ಮನನ್ನೂ ದೊಡ್ಡಮ್ಮನನ್ನೂ ಬಿಟ್ಟು ನೇರವಾಗಿ ಹುಡುಗನಿಗೇ ಕರೆ ಮಾಡಿದಳು. ಇದಾದದ್ದು ಸಂಜೆ, ಮರುದಿನ ಬೆಳಿಗ್ಗೆ ಅವಳು ಹೇಳದೆ ಕೇಳದೆ ತಿರುವಿನಲ್ಲಿ ಬಂದು ನಿಂತಿದ್ದಳು, ಮಾಸ್ಕ್ ಕಣ್ಣಿನ ಹತ್ತಿರದವರೆಗೆ ಎಳೆದು. ನಡೆಯತೊಡಗಿದ ಮೇಲೆ ನಮ್ಮತ್ತ ನೋಡದೆ ಎಲ್ಲವನ್ನೂ ಹೇಳಿದಳು. ಅವನಿಗೆ ಸಿಟ್ಟೇನೂ ಇರಲಿಲ್ಲವಂತೆ, ನಂಬಿಕೆಯೂ ಇತ್ತಂತೆ. ಅವನು ಅಂದದ್ದಿಷ್ಟೆ: "ನನಗೆ ಗೊತ್ತುಂಟು ನಿನಗೆ ಏನೂ ಇಲ್ಲ ಅಂತ. ಆದರೂ ಮದುವೆ ಆಗುವವರೆಗೆ ನಿಲ್ಲಿಸು, ಆಮೇಲೂ ಹಿರಿಯರನ್ನು ಕೇಳಿಯೇ ನೋಡುವ."

ಈ ಹುಡುಗ ದಿನವೂ ಬೆಳಿಗ್ಗೆ ಅಬುಧಾಬಿಯ ಕಡಲ ದಂಡೆಯಲ್ಲಿ ಗೆಳೆಯರೊಡನೆ ಓಡುತ್ತಿದ್ದ. ಬೆವರಿದ ಅಂಗಿ, ಹೊಸ ಬೂಟು, ಹಿಂದೆ ಸೂರ್ಯೋದಯ, ಹೀಗೆ ಅವನು ಕಳಿಸಿದ ಚಿತ್ರಗಳನ್ನು ನಮಿತಾ ನಮಗೂ ತೋರಿಸಿದ್ದಳು. ಅವೇ ಚಿತ್ರಗಳು ಕಕ್ಕಿಂಜೆಗೂ ಹೋಗುತ್ತಿದ್ದವು, ಅಲ್ಲಿ ದೊಡ್ಡಮ್ಮ ಅವಕ್ಕೆ ಹೂವು ಮತ್ತು ಕೈಮುಗಿದ ಚಿಹ್ನೆಗಳನ್ನು ಅಂಟಿಸುತ್ತಿದ್ದರು. ಅವನ ಶ್ವಾಸಕೋಶದ ಬಗ್ಗೆ ಯಾರೂ ವಿಚಾರಿಸಿದ್ದಿಲ್ಲ. ಕಡಲ ದಂಡೆಯಲ್ಲಿ ಓಡಿದರೆ ಅದು ಶಿಸ್ತು, ಹೊಳೆಯ ದಂಡೆಯಲ್ಲಿ ನಡೆದರೆ ಅದು ರೋಗಲಕ್ಷಣ. ವ್ಯತ್ಯಾಸವು ನೀರಿನ ಉಪ್ಪಿನಲ್ಲಿ ಇದೆಯೆಂದು ನಂಬುವಷ್ಟು ನಾನಿನ್ನೂ ಸಭ್ಯಳಾಗಿಲ್ಲ.

"ನೀವೂ ಅಷ್ಟು ದಿನ ಓಡುವುದು ನಿಲ್ಲಿಸ್ತೀರಾ ಅಂತ ಕೇಳಿದೆ" ಎಂದಳು ನಮಿತಾ. "ತಮಾಷೆ ಅಂದುಕೊಂಡು ನಕ್ಕರು."

"ಮತ್ತೆ?" ಎಂದೆ ನಾನು.

"ಮತ್ತೆ ಏನು. ಈ ಸಂಬಂಧವೇ ಬೇಡ ಅಂದೆ. ಅಮ್ಮನಿಗೆ ಇನ್ನು ಮನೆಗೆ ಹೋಗಿ ಹೇಳಬೇಕು."

ನಾನು ಸಮಾಧಾನದ ಮಾತು ಹುಡುಕುತ್ತ ಹಿಂದೆ ಬಿದ್ದೆ. ನಮಿತಾ ಅದಕ್ಕೆ ಕಾಯಲೂ ಇಲ್ಲ. ಅವಳ ನಡಿಗೆ ಬಿರುಸಾಯಿತು. ನಾವು ದಿನವೂ ನಿಂತು ಹಿಂದಿರುಗುತ್ತಿದ್ದ ಸೇತುವೆಯ ನಡುಭಾಗವನ್ನು ನೋಡದೆಯೇ ದಾಟಿ, ಆಚೆ ದಡ ಮುಟ್ಟಿ, ಪೇಟೆಯ ಮುಚ್ಚಿದ ಅಂಗಡಿಗಳ ಮುಂದೆ ಬೀಸುಗಾಲಿನಲ್ಲಿ ಹೊರಟಳು. ನಾನೂ ಸಫಿಯಾಳೂ ಪಕ್ಕೆ ಹಿಡಿದುಕೊಂಡು, ಮಾಸ್ಕಿನೊಳಗೆ ಏದುಸಿರು ಬಿಡುತ್ತ ಓಡಿದೆವು. ನಮ್ಮಿಬ್ಬರಿಗೂ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಅವಳಿಗೂ ಅದೇ ಬೇಕಾಗಿತ್ತು.

ಕೊನೆಗೆ ಸಫಿಯಾ ಒಂದು ಕಂಬಕ್ಕೆ ಒರಗಿ ನಿಂತು, ಇದ್ದ ಉಸಿರನ್ನೆಲ್ಲ ಒಟ್ಟುಗೂಡಿಸಿ ಕೂಗಿದಳು: "ಮಾರಾಯ್ತಿ, ಶ್ವಾಸಕೋಶ ಹೋದದ್ದು ನಿನ್ನದಾ, ನಮ್ಮದಾ?"

ನಮಿತಾ ತಿರುಗಲಿಲ್ಲ. ಅವಳ ಹೆಗಲುಗಳು ಅಲುಗಿದವು. ನಕ್ಕಳು ಎಂದೇ ನಾವಿಬ್ಬರೂ ಅಂದುಕೊಂಡೆವು.