ಹಾಲು ಸಾಕಾಗಲಿಕ್ಕಿಲ್ಲ ಎಂದೆ

ಹನ್ನೊಂದು ವರ್ಷದ ಹಿಂದೆ, ಮಗಳ ರೋಸಿನ ದಿನ, ಲತಾಳನ್ನು ಚಪ್ಪರದಿಂದ ಅಡುಗೆಮನೆಗೆ ಸಾಗಹಾಕಿದವಳು ನಾನು. ಅವಳೇ ಎದ್ದು ಹೋದಳು ಎಂದು ಮಗಳಿಗೆ ಹೇಳಿದ್ದು — ಸುಳ್ಳು.

ಲತಾ ಪಣಂಬೂರಿನ ಮೀನುಗಾರರ ಮನೆಯವಳು. ದೊಡ್ಡವಳಾದ ಮೇಲೆ ತಾನೇ ಇಷ್ಟಪಟ್ಟು ನಮ್ಮ ಇಗರ್ಜಿಗೆ ಸೇರಿದವಳು. ಭಾನುವಾರ ಪೂಜೆ ಮುಗಿಸಿ ಕುಲಶೇಖರದ ನಮ್ಮ ಮನೆಯಲ್ಲಿ ಒಟ್ಟಿಗೇ ಉಣ್ಣುತ್ತಿದ್ದೆವು. ಮದುವೆಯ ಮುನ್ನಾದಿನ ಮದುಮಗಳಿಗೋ ಮದುಮಗನಿಗೋ ತೆಂಗಿನ ಹಾಲು ಹಚ್ಚಿ ಮೀಯಿಸುವುದೇ ರೋಸ್. ಅಪ್ಪ ಅಮ್ಮನ ನಂತರ ಮೊದಲು ಹಚ್ಚುವವಳು ನೀನೇ ಎಂದು ನಾನೇ ಅವಳಿಗೆ ಹೇಳಿದ್ದೆ. ಹೊಸ ಸೀರೆ ಉಟ್ಟು ಬಂದಿದ್ದಳು.

ಅಷ್ಟರಲ್ಲಿ ನನ್ನ ಗಂಡನ ದೊಡ್ಡಮ್ಮ ಮತ್ತು ಅವರ ಕಡೆಯವರು ಬಂದರು. ಯಾರು ಯಾವ ಮೂಲದವರು ಎಂದು ಮೊದಲು ವಿಚಾರಿಸುವ ಜನ. ದೊಡ್ಡಮ್ಮ ಲತಾಳನ್ನು ನೋಡಿ ಹುಬ್ಬೇರಿಸಿದರು — ಅಷ್ಟೆ, ಬಾಯಿಬಿಟ್ಟು ಏನೂ ಹೇಳಲಿಲ್ಲ. ಹೇಳಿದವಳು ನಾನು: "ಲತಾ, ಹಾಲು ಸಾಕಾಗ್ಲಿಕ್ಕಿಲ್ಲ. ಒಳಗೆ ಹೋಗಿ ಸ್ವಲ್ಪ ಹಿಂಡಿ ಕೊಡ್ತೀಯಾ?"

ಹಾಲು ಎರಡು ಪಾತ್ರೆ ತುಂಬ ಇತ್ತು.

ಮಕ್ಕಳಿಗೆ ಧರ್ಮೋಪದೇಶ ಕಲಿಸುವವಳು ಬೇರೆ ನಾನು! ಮೊದಮೊದಲ ಕ್ರೈಸ್ತ ವಿಶ್ವಾಸಿಗಳೆಲ್ಲ ಯೆಹೂದ್ಯರೇ. ಶುಭಸಂದೇಶ ಮೊದಲು ಹರಡಿದ್ದು ಅವರ ಪ್ರಾರ್ಥನಾಮಂದಿರಗಳಲ್ಲೇ. ಅಂತಿಯೋಕ್ಯ ಪಟ್ಟಣದಲ್ಲಿ ಯೆಹೂದ್ಯರಲ್ಲದ ಹೊರಗಿನವರೂ ಸೇರಿಕೊಂಡರು — ಇಷ್ಟನ್ನು ಗಟ್ಟಿಯಾಗಿಯೇ ಹೇಳುತ್ತಿದ್ದೆ. ಮುಂದಿನ ಪುಟವನ್ನು ಮಾತ್ರ ವರ್ಷ ವರ್ಷವೂ ಹಾರಿಸುತ್ತಿದ್ದೆ. ಆ ಹೊರಗಿನವರ ಜೊತೆ ಕೂತು ಉಣ್ಣುತ್ತಿದ್ದ ಯೇಸುವಿನ ಶಿಷ್ಯ ಪೇತ್ರ, ಜೆರುಸಲೇಮಿನಿಂದ ತನ್ನವರು ಬಂದ ಕೂಡಲೇ ಹೆದರಿ ದೂರ ಸರಿದ. ಜೊತೆಯ ಬೋಧಕ ಪೌಲ ಎಲ್ಲರೆದುರೇ ಅವನನ್ನು ತರಾಟೆಗೆ ತೆಗೆದುಕೊಂಡ. ಪೇತ್ರ ತಾನಾದರೂ ಎದ್ದು ಹೋದ. ನಾನು ಲತಾಳನ್ನೇ ಎಬ್ಬಿಸಿದೆ —

ಈ ವರ್ಷ ಆ ಪುಟ ಹಾರಿಸಲಿಲ್ಲ. ತರಗತಿ ಬಿಟ್ಟದ್ದೇ ದೇರೆಬೈಲಿನಲ್ಲಿರುವ ಲತಾಳ ಮನೆಗೆ ಹೋಗಿ, ಚಪ್ಪಲಿ ಬಿಡುವ ಮೊದಲೇ ಎಲ್ಲ ಹೇಳಿಬಿಟ್ಟೆ.

ಅವಳು ಕುರ್ಚಿ ಎಳೆದು ಕೊಟ್ಟಳು. "ಹಾಲು ಬೇಕಾದಷ್ಟು ಉಂಟು ಅಂತ ಆವತ್ತೇ ನೋಡಿದ್ದೆ ಅಕ್ಕ. ಆದ್ರೂ ಹಿಂಡಿದೆ. ಅವರೆಲ್ಲ ಹಚ್ಚಿದ್ದು ನನ್ನ ಕೈಯ ಹಾಲೇ ಅಲ್ವಾ?" ನಕ್ಕಳು. ಆಮೇಲೆ ನಗು ನಿಂತಿತು. "ಬೇಜಾರು ಅದಲ್ಲ. ಮತ್ತೆ ನೀವು ನನ್ನನ್ನು ಊಟಕ್ಕೆ ಕರೀಲೇ ಇಲ್ಲ. ಎಂತ ತಪ್ಪು ಮಾಡಿದೆ ಅಂತ ನಾನು ಯೋಚನೆ ಮಾಡ್ತಾ ಇದ್ದೆ."

ಅವಳು ಬಡಿಸಿದಳು, ಉಂಡೆ. ಅಷ್ಟು ವರ್ಷಗಳ ನಂತರ ಎದೆ ಹಗುರಾಯಿತು.

ಎಲ್ಲರೆದುರು ಮಾಡಿದ ತಪ್ಪನ್ನು ಅವಳೊಬ್ಬಳೆದುರು ಒಪ್ಪಿಕೊಂಡರೆ ಸಾಲದು. ಮುಂದಿನ ತಿಂಗಳು ಮಗನ ರೋಸ್. ನಮ್ಮ ನಂತರ ಮೊದಲು ಹಾಲು ಹಚ್ಚುವವಳು ಲತಾ, ಹೋದ ಸಲ ನಾನು ಮಾಡಿದ್ದನ್ನೂ ಚಪ್ಪರದಲ್ಲೇ ಹೇಳುತ್ತೇನೆ ಎಂದು ದೊಡ್ಡಮ್ಮನಿಗೆ ಫೋನು ಮಾಡಿ ತಿಳಿಸಿದ್ದೇನೆ. ಲತಾ ಒಪ್ಪಿದ್ದಾಳೆ. ಒಂದೇ ಷರತ್ತು: ಈ ಸಲ ತೆಂಗಿನಕಾಯಿ ತುರಿದು ಹಾಲು ಹಿಂಡುವವಳು ನಾನು.